ಇಪ್ಪತ್ತೊಂದನೇ ಚೀಟಿ

"‘ರನ್’ ಪದಕ್ಕೆ ಇಪ್ಪತ್ತೇ ಅರ್ಥ ಹಿಡಿಸೋದು, ತಾಯಿ. ಒಂದು ತೆಗೆದುಬಿಡಿ, ಯಾರ ಗಂಟೂ ಹೋಗಲ್ಲ," ಎಂದರು ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದಕರು.

ಅವಳ ಮೇಜಿನ ಮೇಲೆ ಅರ್ಥಕ್ಕೊಂದರಂತೆ ಇಪ್ಪತ್ತೊಂದು ಚೀಟಿಗಳಿದ್ದವು. ಸಾಯುವ ಮುಂಚೆ ಅವಳ ಗಂಡ ಅವುಗಳ ಉದಾಹರಣೆಗಳನ್ನೆಲ್ಲ ಮನೆಯ ಮಾತಿನಿಂದಲೇ ಆರಿಸಿ ಬರೆದಿದ್ದ. ‘ನಡೆಸು’ ಎಂಬ ಅರ್ಥಕ್ಕೆ, ‘ಮನೆ ನಡೆಸುವವಳು ಅವಳು, ನಾನು ಬರೀ ಬಾಡಿಗೆದಾರ.’ ‘ಬಣ್ಣ ಬಿಡು’ ಎಂಬುದಕ್ಕೆ, ‘ಅವಳ ಕೆಂಪು ಶಾಲು ಬಣ್ಣ ಬಿಟ್ಟು ನನ್ನ ಬಿಳಿ ಅಂಗಿ ಗುಲಾಬಿಯಾಯಿತು.’

ಸಂಪಾದಕರ ಕೈ ಅಂಗಿಯ ಚೀಟಿಯತ್ತ ಹೋಯಿತು. ಅಷ್ಟರಲ್ಲಿ ಅವಳು ಎಲ್ಲಕ್ಕಿಂತ ಮೊದಲನೆಯದನ್ನು, ‘ಓಡು’ ಎಂಬ ಅರ್ಥದ ಚೀಟಿಯನ್ನೇ ಎತ್ತಿಕೊಟ್ಟಳು.

"ಅಯ್ಯೋ, ಓಡೋದೇ ಇಲ್ದೆ ‘ರನ್’ ಏನಮ್ಮಾ? ಜನ ನಗಲ್ವಾ?"

"ಓಡೋದು ಎಲ್ಲರಿಗೂ ಗೊತ್ತು, ಸರ್," ಎಂದಳು. "ಅಂಗಿ ವಿಷಯ ಈಗ ನನ್ನೊಬ್ಬಳಿಗೇ ಗೊತ್ತಿರೋದು."