ನೊಣದ ವ್ಯಾಪಾರ

ಹುಡುಗ ಹುಡುಗಿ ಒಪ್ಪಿಯಾಗಿತ್ತು. ಮಿಠಾಯಿ ಅಂಗಡಿ ಇಟ್ಟಿದ್ದ ಹುಡುಗಿಯ ಅಪ್ಪನ ಒಂದು ಮಾತು ಮಾತ್ರ ಬಾಕಿ. ಹುಡುಗನ ಅಂಗಡಿ ನೋಡಿಕೊಂಡು ಬಾ ಎಂದು ಅವರು ಕಳಿಸಿದ ಹುಡುಗಿಯ ಸೋದರಮಾವ ತಮ್ಮಯ್ಯ, ಬಂದವರು ಅಲ್ಲೇ ಮರುಳಾದರು.

ಹೊಳೆ ಪಕ್ಕದ ಗಾಳದ ಅಂಗಡಿ. ಗಾಳದ ಕೊಕ್ಕೆಗೆ ಹುಂಜದ ಪುಕ್ಕವಿಟ್ಟು ರೇಷ್ಮೆ ದಾರ ಸುತ್ತಿ ಹುಡುಗ ಕಟ್ಟಿದ ಹುಸಿ ನೊಣಗಳು, ಕೈಬಿಟ್ಟರೆ ಹಾರಿಹೋಗುವಂತಿದ್ದವು. ಮೀನು ನಿಜವಾದ ನೊಣವೆಂದೇ ಬಾಯಿ ಹಾಕುತ್ತದಂತೆ. ಹೊಳೆಯ ಯಾವ ತಿರುವಿಗೆ ಯಾವ ನೊಣ ಎಸೆಯಬೇಕೆಂದು ಕೇಳಲು ದೂರದೂರಿನವರು ಬೆಂಚಿನ ಮೇಲೆ ಕಾದು ಕೂತಿದ್ದರು.

ತಮ್ಮಯ್ಯ ಖುಷಿಯಲ್ಲಿ ಹುಡುಗಿಯ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಭಾವ, ಹುಡುಗ ಚಿನ್ನ. ಬೆಳಗಿಂದ ಸಂಜೆವರೆಗೂ ನೊಣದ್ದೇ ಕೆಲಸ."

"ಅಂಗಡೀಲಿ ನೊಣ ಹೊಡೀತಾ ಕೂತಿರೋನು ಚಿನ್ನ ಹೇಗಾದಾನೋ?"

"ಹೊಡೆಯಲ್ಲ ಭಾವ, ಕಟ್ತಾನೆ."

"ಕಟ್ಟೋಕೆ ಅದೇನು ಎಮ್ಮೇನಾ?"

ಹುಡುಗ ಕೈಲಿದ್ದ ಪುಕ್ಕ ಕೆಳಗಿಟ್ಟ. ತಾನೇ ಫೋನಿನತ್ತ ಬಾಗಿದ.

"ಮಾವ, ವ್ಯಾಪಾರ ಚೆನ್ನಾಗೇ ಇದೆ. ಗಾಳ ಹಾಕೋರಿಗೆ ನೊಣ ಬೇಕು. ಅದನ್ನ ನಾನೇ ನನ್ನ ಕೈಯಾರೆ ಮಾಡಿ ಮಾರ್ತೀನಿ."

ಹುಡುಗಿಯ ಅಪ್ಪನ ದನಿ ಮೆತ್ತಗಾಯಿತು.

"ಈಗ ಅರ್ಥ ಆಯ್ತು ಬಿಡಪ್ಪ."

ಹುಡುಗ ಉಸಿರು ಬಿಟ್ಟ.

"ತಮ್ಮಯ್ಯ, ಎದ್ದು ಬಾ. ನೊಣ ಹೊಡೆಯೋನಾಗಿದ್ರೆ ನಮ್ಮ ಮಿಠಾಯಿ ಅಂಗಡಿಗಾದ್ರೂ ಆಗ್ತಿದ್ದ. ಇವನು ನೊಣ ಮಾಡ್ತಾನಂತಲ್ಲೋ."