ಆಡಿನ ಹೆಸರಿನ ಆಸಿಡ್

“ಮೇಡಂ, ಈ ಕ್ಯಾಪ್ರೋಯಿಕ್ ಆಸಿಡ್ ಅಂದ್ರೆ ಏನು?”

ಕಾರ್ಖಾನೆಯಲ್ಲಿ ಆಸಿಡ್ ಡ್ರಮ್ ತುಂಬುವವನ ಪ್ರಶ್ನೆಗೆ ಲ್ಯಾಬಿನವಳು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಉತ್ತರಿಸಿದಳು. “ಕ್ಯಾಪ್ರಾ ಅಂದ್ರೆ ಲ್ಯಾಟಿನ್‌ನಲ್ಲಿ ಹೆಣ್ಣಾಡು. ಆಡಿನ ಹಾಲಿನ ಕೊಬ್ಬಲ್ಲಿ ಈ ಆಸಿಡ್ ಇರುತ್ತೆ, ವಾಸನೇನೂ ಆಡಿಂದೇ. ಅದಕ್ಕೇ ಆ ಹೆಸರು. ನಮ್ದು ಎಣ್ಣೆಯಿಂದ ತೆಗೆದದ್ದು. ಇದರಲ್ಲಿ ಆಡೂ ಇಲ್ಲ, ಗೀಡೂ ಇಲ್ಲ.”

“ಅದು ನಿಮಗೆ ಗೊತ್ತು. ಆಡುಗಳಿಗೆ ಯಾರು ಹೇಳ್ಬೇಕು?”

ಅವಳು ನಕ್ಕಳು. ಅವನು ನಗಲಿಲ್ಲ. ಹತ್ತು ದಿನದಿಂದ, ಶಿಫ್ಟ್ ಮುಗಿಸಿ ಮನೆಗೆ ಹೊರಟರೆ ಸಾಕು, ಕಸಾಯಿಖಾನೆಯ ಬೀದಿಯ ಆಡುಗಳು ಹಗ್ಗ ಕಿತ್ತುಕೊಂಡು ಅವನ ಹಿಂದೆ ಬರುತ್ತಿದ್ದವು. ಅರಚುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಮನೆಬಾಗಿಲನ್ನೇ ನೋಡುತ್ತಿದ್ದವು. ಒಳಗೆ ನಾಲ್ಕು ವರ್ಷದ ಮಗಳು ತಾಯಿಯ ಬೆನ್ನಿಗೆ ಅವಿತುಕೊಂಡು, “ಅಪ್ಪನ್ನ ಹೊರಗೆ ಕಳ್ಸಮ್ಮ, ಅವ್ರು ಕಾಯ್ತಿದಾರೆ,” ಎನ್ನುತ್ತಿದ್ದಳು.

ಅವನು ಮ್ಯಾನೇಜರ್ ಮುಂದೆ ಹೋಗಿ ನಿಂತ. “ನನ್ನನ್ನ ಬೇರೆ ಕಡೆ ಹಾಕಿ ಸಾರ್. ಮಗು ಹತ್ರಾನೇ ಬರ್ತಿಲ್ಲ.”

“ನಮ್ಮ ಪದ್ಧತಿ ಗೊತ್ತಲ್ಲ? ಆ ಆಸಿಡ್ ತುಂಬೋ ಕೋಣೆ ಬಿಡೋನು ತನ್ನ ಬದಲಿಗೆ ಮನೆಯೋರೊಬ್ಬರನ್ನ ತರ್ಬೇಕು. ಮನೆಯೋನಾದ್ರೆ ಬಾಯಿ ಮುಚ್ಕೊಂಡು ದುಡೀತಾನೆ.”

ಎರಡು ವರ್ಷದಿಂದ ಕೆಲಸವಿಲ್ಲದೆ ಅಲೆಯುತ್ತಿದ್ದ ಬಾಮೈದ ಕುಣಿದುಕೊಂಡೇ ಬಂದ. ಡ್ರಮ್ಮಿನ ಚೀಟಿ ನೋಡಿ, “ಏನ್ ಭಾವ ಇದು, ನಾಲಿಗೇನೇ ಹೊರಳಲ್ಲ!” ಎಂದ.

“ಕಂಪನಿ ಇಟ್ಟ ಹೆಸರು. ಅರ್ಥ ಕಟ್ಕೊಂಡು ನಿನಗೇನಾಗ್ಬೇಕು?” ಎಂದ ಭಾವ, ತಾನು ಹಾಕಿ ಹರಿದಿದ್ದ ಕೈಗವಸನ್ನು ಅವನಿಗೆ ಬಿಚ್ಚಿಕೊಟ್ಟ.

ಭಾವನಿಗೆ ಗೋದಾಮಿನ ಕೆಲಸ ಸಿಕ್ಕಿತು. ಹದಿನೈದು ದಿನ ಚರ್ಮ ಕಿತ್ತುಬರುವಂತೆ ಮೈ ಉಜ್ಜಿಕೊಂಡ. ಒಂದು ಸಂಜೆ ಮಗಳು ತಾನಾಗಿಯೇ ಬಂದು ತೊಡೆಯೇರಿದಳು. ಅವನ ಕತ್ತು ಮೂಸಿ, ಅನುಮಾನಿಸಿ, ಇನ್ನೊಮ್ಮೆ ಮೂಸಿ, ಅಲ್ಲೇ ತಲೆಯಿಟ್ಟಳು. ಅವನು ಉಸಿರಾಡುವುದಕ್ಕೂ ಹೆದರಿ ಕೂತ.

ಹೊರಗೆ ಗೊರಸಿನ ಸದ್ದಾಯಿತು. ಮಗಳನ್ನು ಎತ್ತಿಕೊಂಡೇ ಬಾಗಿಲು ತೆರೆದ. ಮೆಟ್ಟಿಲ ಕೆಳಗೆ ಹಿಂಡು ನಿಂತಿತ್ತು. ಹಿಂಡಿನ ನಡುವೆ ಬಾಮೈದ.

“ಯಾಕೋ ಅಲ್ಲೇ ನಿಂತೆ? ಒಳಗೆ ಬಾರೋ.”

ಬಾಮೈದ ಕದಲಲಿಲ್ಲ. ಆಡುಗಳ ಜೊತೆಜೊತೆಗೇ ಅವನ ದವಡೆಯೂ ನಿಧಾನವಾಗಿ ಎಡಕ್ಕೆ, ಬಲಕ್ಕೆ ಅಲುಗುತ್ತಿತ್ತು.