ರಫ್ತಾದ ಸಂಜೆಗಳು

ಕುಮಟೆಯಲ್ಲಿ ಮಧ್ಯಾಹ್ನ ಮುಗಿದೊಡನೆ ಕತ್ತಲಾಗುತ್ತದೆ. ಹಿಂದೆ ಪಂಚವಾರ್ಷಿಕ ಯೋಜನೆಯಲ್ಲಿ ಸರ್ಕಾರ ಊರಿನ ಸಂಜೆಗಳನ್ನೆಲ್ಲ ರಫ್ತಿಗೆಂದು ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಿತು. ಅದರಿಂದಲೇ ರಸ್ತೆ, ಆಸ್ಪತ್ರೆ ಬಂದವು. ನಾಗವೇಣಿಗೆ ಸಂಜೆಗಳನ್ನು ಡಬ್ಬಿಗೆ ತುಂಬುವ ಕೆಲಸವೂ ಸಿಕ್ಕಿತು. ನಿವೃತ್ತಿಯ ದಿನ ಕಂಪನಿ ಅವಳಿಗೆ ಸಂಜೆ ತುಂಬಿದ ಒಂದು ಡಬ್ಬಿಯನ್ನು ಉಡುಗೊರೆಯಾಗಿ ಕೊಟ್ಟಿತು.

ಒಮ್ಮೆ ತೆರೆದರೆ ಮುಗಿಯಿತು. ಆದರೂ ಗಂಡ ಈಶ್ವರನ ಕಣ್ಣು ಪೂರ್ತಿ ಮಂಜಾಗುವ ಮುಂಚೆ ತೋರಿಸಬೇಕೆಂದು ಅವಳು ಅಂಗಳದಲ್ಲಿ ಮುಚ್ಚಳ ತೆಗೆದಳು. ಕೆಂಪು ಬೆಳಕು ಓಣಿಯುದ್ದಕ್ಕೂ ಹರಡಿತು. ನೆರೆಯವರು ಹೊರಬಂದು ನಿಂತರು.

ಮೊಮ್ಮಗಳು ಹೆದರಿ, "ಅಜ್ಜಿ, ಬೆಂಕಿ ಬಿತ್ತಾ?" ಎಂದಳು.

"ಅಲ್ಲ ಮಗಾ, ಮೊದಲು ದಿನಾ ಹಿಂಗೇ ಇತ್ತು."

ಈಶ್ವರ ಹೆಂಡತಿಯನ್ನೇ ನೋಡುತ್ತಿದ್ದ. "ನಿನ್ನ ನೋಡೂಕೆ ಬಂದಾಗ ಇದೇ ಹೊತ್ತು, ಅಲ್ದಾ?"

ನಾಗವೇಣಿ ನಾಚಿ ತಲೆ ತಗ್ಗಿಸಿದಳು. ಆ ಬೆಳಕು ಕರಗುವವರೆಗೂ ಓಣಿಯಲ್ಲಿ ಯಾರೂ ದೀಪ ಹಾಕಲಿಲ್ಲ.